ಎತ್ತುವ ಮುನ್ನ

ಬುಧವಾರ ಬೆಳಿಗ್ಗೆ ವೇಲಾಯುಧನ್ ತನ್ನ ಆಟೊಗೆ ಬಾಡಿಗೆ ಹಿಡಿಯುತ್ತಿರಲಿಲ್ಲ. ಪಾಲಕ್ಕಡವಿನ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಇದು ಗೊತ್ತಿತ್ತು. ಗೊತ್ತಿಲ್ಲದವರು ಯಾರಾದರೂ ಹತ್ತಿ ಕೂತರೆ ಉಳಿದ ಚಾಲಕರೇ, "ಇಳೀರಿ, ಇವತ್ತು ಅದು ಪಾಲಿಯೇಟಿವ್‌ನವರ ಗಾಡಿ" ಎಂದು ಇಳಿಸಿಬಿಡುತ್ತಿದ್ದರು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು, ಬಟ್ಟೆ ಬದಲಿಸಿ, ನಾಲ್ಕು ಮಾತಾಡಿ ಬರುವ ಊರವರ ಬಳಗ ಅದು. ಅಲ್ಲಿ ಸಂಬಳವಿದ್ದದ್ದು ನರ್ಸ್ ಲಿಸ್ಸಿ ಸಿಸ್ಟರಿಗೆ ಮಾತ್ರ. ಉಳಿದವರೆಲ್ಲ ಅಂಗಡಿಗೆ ಬೀಗ ಹಾಕಿಯೋ, ಅಡುಗೆಮನೆಯನ್ನು ಸೊಸೆಗೆ ಒಪ್ಪಿಸಿಯೋ ಬರುವವರು.

ಈ ಬಳಗದಲ್ಲಿ ವೇಲಾಯುಧನ್ ಹೆಸರು ಮಾಡಿದ್ದು ಎತ್ತುವುದರಲ್ಲಿ. ಹರೆಯದಲ್ಲಿ ಹೊಳೆಯಿಂದ ಮರಳು ಹೊತ್ತ ತೋಳುಗಳು ಅವನವು. ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಆಟೊಗೆ ಅವನು ದಾಟಿಸುವ ಚಂದಕ್ಕೆ ಸಿಸ್ಟರೇ ತಲೆದೂಗುತ್ತಿದ್ದರು. ಚರ್ಮ ಉಜ್ಜುವಂತಿಲ್ಲ, ಮೂತ್ರದ ಚೀಲ ಜಗ್ಗುವಂತಿಲ್ಲ, ಒಂದೇ ಉಸಿರಿಗೆ ಕೆಲಸ ಮುಗಿಯಬೇಕು. "ವೇಲಾಯುಧನ್ ಕೈ ಹಾಕಿದ್ರೆ ಎತ್ತಿದ್ದೇ ಗೊತ್ತಾಗಲ್ಲ" ಎಂದು ಮನೆಯವರು ಹೇಳುವುದನ್ನು ಕೇಳಿದಾಗಲೆಲ್ಲ ಅವನು ಒಳಗೊಳಗೇ ಹಿಗ್ಗುತ್ತಿದ್ದ. ಹಿಗ್ಗಲಿ ಬಿಡಿ, ಅವನ ಜಾಗದಲ್ಲಿ ಯಾರಿದ್ದರೂ ಹಿಗ್ಗುತ್ತಿದ್ದರು.

ಆ ಬುಧವಾರವೂ ಅವನು ರಂಲತ್ತಿನ ಮನೆಗೆ ಬಂದವನೇ ಹೊರಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಉಮ್ಮಾ, ಬಂದೆ" ಎಂದು ಅವಳ ತಾಯಿಗೆ ಕೂಗಿ ಹೇಳಿ, ನೇರ ಕೋಣೆಗೆ ನುಗ್ಗಿದ. ರಂಲತ್ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಪುಟ್ಟು, ಕಡಲೆಯ ತಟ್ಟೆ. ಕಿವಿಗೂ ಭುಜಕ್ಕೂ ನಡುವೆ ಫೋನು. ವೇಲಾಯುಧನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಒಂದು ಕೈ ಬೆನ್ನಿನಡಿ ಒಂದು ಕೈ ಮಂಡಿಯಡಿ ಹಾಕಿ, ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿದ. ಫೋನು ಜಾರಿ ಮಂಚದ ಕೆಳಗೆ ಬಿದ್ದು, ಅಲ್ಲಿಂದ ಯಾರೋ "ಹಲೋ, ಹಲೋ" ಎನ್ನತೊಡಗಿದರು.

"ವೇಲಾಯುಧೇಟ್ಟಾ, ನನ್ನ ಬಾಯಲ್ಲಿ ತುತ್ತಿದೆ" ಎಂದಳು ರಂಲತ್. ಅವಳಿಗೆ ಅವನು ಏಟ್ಟ, ಅಂದರೆ ಅಣ್ಣ; ಅವನಿಗೆ ಅವಳು ಮೋಳ್, ಮಗಳು.

"ತಿನ್ನು ಮೋಳೇ, ಯಾರು ಬೇಡ ಅಂದ್ರು? ಕುರ್ಚಿಯಲ್ಲಿ ಕೂತು ತಿನ್ನು."

"ಆ ಕಡೆ ಒಬ್ರು ಮಾತಾಡ್ತಾ ಇದ್ರು."

"ಅವರೆಲ್ಲಿ ಓಡಿ ಹೋಗ್ತಾರೆ?"

"ಅದೂ ನಿಜ. ಅವರಿಗೂ ಕಾಲಿಲ್ಲ." ರಂಲತ್ ನಕ್ಕಳು. ಉಮ್ಮ ಬಾಗಿ ಫೋನು ಎತ್ತಿಕೊಡುತ್ತ, "ಇವಳಿಗೆ ಕಾಲು ಹೋದ್ಮೇಲೆ ಆ ಬಲವೆಲ್ಲ ಬಾಯಿಗೆ ಬಂತು" ಎಂದು ಗೊಣಗಿದಳು.

ತಾರಸಿಯಲ್ಲಿ ಒಣಗಲು ಹಾಕಿದ್ದ ಮೆಣಸು ಬಾಚಲು ಹೋಗಿ ರಂಲತ್ ಕೆಳಗೆ ಬಿದ್ದದ್ದು ಮದುವೆಯಾದ ಮೂರನೆಯ ವರ್ಷ. ಬೆನ್ನುಮೂಳೆ ಮುರಿಯಿತು. ಗಲ್ಫಿನಲ್ಲಿದ್ದ ಗಂಡ ಮೊದಲು ಬರುವುದನ್ನು, ಆಮೇಲೆ ಫೋನು ಮಾಡುವುದನ್ನು ನಿಲ್ಲಿಸಿದ. ಅವಳು ಕೆಲವು ವರ್ಷ ಗೋಡೆ ನೋಡುತ್ತ ಮಲಗಿದ್ದಳು. ಗೋಡೆ ಬೇಸರವಾದ ಮೇಲೆ ತನ್ನ ಹಾಗೆ ಮಲಗಿದವರು ಇನ್ನಾರಿದ್ದಾರೆ ಎಂದು ಹುಡುಕಿ ಹುಡುಕಿ ಫೋನು ಮಾಡತೊಡಗಿದಳು. ಹೊಳೆಯ ಈಚೆಗೂ ಆಚೆಗೂ ಸೇರಿ ದೊಡ್ಡ ಬಳಗವೇ ಆಯಿತು.

ಪಾಲಿಯೇಟಿವ್‌ನವರು ಪ್ರತಿ ವರ್ಷ ಇವರಿಗೆಲ್ಲ ಒಂದು ಸ್ನೇಹಸಂಗಮ ನಡೆಸುತ್ತಿದ್ದರು. ಮದುವೆ ಹಾಲಿನಲ್ಲಿ ವೇದಿಕೆ, ಹಾಡಿನ ತಂಡ, ಬಿರಿಯಾನಿ, ಮನೆಗೆ ಹೋಗುವಾಗ ಒಂದು ಉಡುಗೊರೆಯ ಪೊಟ್ಟಣ. ಈ ವರ್ಷ ರಂಲತ್ ಅದನ್ನು ತಿರುಗಿಸಿ ಹಾಕಿದ್ದಳು. ಹಾಡು ಬೇಡ, ಸಮ್ಮೇಳನ ಬೇಕು. ಮಾತಾಡುವವರು ಕುರ್ಚಿಯವರು, ಕೇಳುವವರು ಉಳಿದವರು. ಪ್ರತಿಯೊಬ್ಬರೂ ಎದ್ದು, ಅಂದರೆ ಕೂತಲ್ಲಿಂದಲೇ, ಊರಿನಲ್ಲಿ ತಾನು ಹೋಗಲಾಗದ ಒಂದು ಜಾಗದ ಹೆಸರು ಹೇಳಬೇಕು. ಏಪ್ರಿಲ್ ನಡುವಿನ ವಿಷು ಹಬ್ಬಕ್ಕೆ ಮುಂಚಿನ ಭಾನುವಾರ, ಅಂದರೆ ಈ ವಾರವೇ, ಎಂದು ನಿಶ್ಚಯವಾಗಿತ್ತು. ತಿಂಗಳುಗಟ್ಟಲೆ ಅವಳ ಫೋನು ಬಿಸಿಯಾಗಿದ್ದದ್ದು ಅದಕ್ಕಾಗಿ.

ವೇಲಾಯುಧನ್ ಕುರ್ಚಿಯ ಪಟ್ಟಿ ಬಿಗಿಯುತ್ತ, ಮುಖ ಎತ್ತದೆ ಹೇಳಿದ: "ಸಂಜೆ ಮೀಟಿಂಗ್ ಇದೆ. ಸಮ್ಮೇಳನ ಮುಂದಕ್ಕೆ ಹಾಕ್ಬೇಕು ಅಂತ ನಮ್ಮ ಕಾರ್ಯದರ್ಶಿ ಮಾಷ್ ಹೇಳ್ತಿದ್ರು. ಬೇಡವೇ ಬೇಡ ಅಂತಾನೆ ಔಷಧಿ ಅಂಗಡಿಯ ಹುಡುಗ ಹಾರಿಸ್."

ರಂಲತ್ತಿನ ಕೈಯ ತುತ್ತು ತಟ್ಟೆಗೇ ಮರಳಿತು.

"ಯಾಕಂತೆ?"

"ಬಿಸಿಲು ನೋಡ್ತಿದ್ದೀಯಲ್ಲ. ಮಧ್ಯಾಹ್ನ ಹೊರಗೆ ಬರ್ಬೇಡಿ ಅಂತ ಸರ್ಕಾರದವರೇ ದಿನಾ ಹೇಳ್ತಿದ್ದಾರೆ. ಗಟ್ಟಿ ಜನವೇ ಕುಸಿದು ಬೀಳ್ತಿದ್ದಾರೆ. ನಿಮಗೇನಾದ್ರೂ ಆದ್ರೆ?"

"ನೀವೇನು ಹೇಳ್ತೀರಿ?"

"ನಾನೇನು ಹೇಳೋದು? ನಾನು ಗಾಡಿಯವ."

"ಮೀಟಿಂಗ್ ಎಲ್ಲಿ?"

"ಯಾವಾಗಲೂ ಎಲ್ಲಿ ನಡೆಯುತ್ತೋ ಅಲ್ಲೇ. ವಾಚನಾಲಯದ ಮಹಡಿ ಮೇಲೆ."

"ನಾನೂ ಬರ್ತೀನಿ."

ವೇಲಾಯುಧನ್ ತಮಾಷೆ ಎಂದುಕೊಂಡು ನಕ್ಕ. "ನೀನ್ಯಾಕೆ ಆಯಾಸ ಮಾಡ್ಕೊಳ್ತೀಯ? ಏನಾಯ್ತು ಅಂತ ನಾನೇ ಬಂದು ಹೇಳ್ತೀನಿ" ಎಂದು ಅವಳ ತಲೆ ಸವರಿ ಹೊರಟುಬಿಟ್ಟ. ಅವಳ ಮುಖ ನೋಡಿದ್ದರೆ ನಗುತ್ತಿರಲಿಲ್ಲ.

ಗಾಡಿಯವ ಎಂದು ಅವನು ಹೇಳಿದ್ದು ನಿಜವಲ್ಲ. ಸಮ್ಮೇಳನ ಬೇಡ ಎಂದು ಎಲ್ಲರಿಗಿಂತ ಹೆಚ್ಚು ಬಯಸಿದ್ದವನು ಅವನೇ. ಹೋದ ವರ್ಷದ ಸಂಗಮಕ್ಕೆ ಅವನು ಹಾಸಿಗೆ ಹಿಡಿದಿದ್ದ ಬೀರಾನಿಕ್ಕನನ್ನು ಕರೆತಂದಿದ್ದ. ಸುಡುಬಿಸಿಲು, ದಾರಿಯಲ್ಲಿ ಯಾರದೋ ಮದುವೆಯ ದಿಬ್ಬಣ, ಆಟೊ ಅಲ್ಲಾಡದೆ ನಿಂತಿತ್ತು. ಸಂಜೆಯೊಳಗೆ ಬೀರಾನಿಕ್ಕನಿಗೆ ಜ್ವರ ಏರಿತು. ವಾರದೊಳಗೆ ಅವರು ಹೋಗಿಬಿಟ್ಟರು. ಮೂತ್ರದ ಸೋಂಕು, ಅದು ಮೊದಲೇ ಶುರುವಾಗಿತ್ತು ಎಂದು ಸಿಸ್ಟರ್ ಎಷ್ಟು ಹೇಳಿದರೂ, ಮಸೀದಿಯ ಅಂಗಳದಲ್ಲಿ ಬೀರಾನಿಕ್ಕನ ತಮ್ಮ ಆಡಿದ ಮಾತು ವೇಲಾಯುಧನ್‌ನ ಎದೆಯಲ್ಲಿ ನಾಟಿ ಕೂತಿತ್ತು. "ಹಾಡು ಕೇಳಿಸೋಕೆ ಕರ್ಕೊಂಡು ಹೋಗಿ ಕೊಂದ್ರಲ್ಲ." ಅಂದಿನಿಂದ ಯಾರನ್ನು ಎತ್ತುವಾಗಲೂ ಆ ಮೈಯ ಬಿಸಿ ಅವನ ತೋಳಿಗೆ ನೆನಪಾಗುತ್ತಿತ್ತು. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಸಂಜೆ ಮಹಡಿಯ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತಿತ್ತು. ಕಾರ್ಯದರ್ಶಿ ಮೊಯ್ದೀನ್‌ಕುಟ್ಟಿ ಮಾಷ್ ನಿವೃತ್ತರಾದರೂ ಮೇಷ್ಟರಾಗಿಯೇ ಉಳಿದವರು. ಯಾರಾದರೂ ನಡುವೆ ಮಾತಾಡಿದರೆ ಮೇಜು ಕುಟ್ಟುತ್ತಿದ್ದರು.

"ಮಳೆಗಾಲ ಮುಗಿದು ಓಣಂ ಕಳೆದ ಮೇಲೆ ಇಟ್ಕೊಳ್ಳೋಣ" ಎಂದರು ಮಾಷ್. "ರದ್ದು ಅಂತ ಹೇಳೋದು ಬೇಡ. ಪಾಪ, ಆಸೆ ಇಟ್ಕೊಂಡಿದ್ದಾರೆ. ಮುಂದಕ್ಕೆ ಹಾಕಿದ್ದೀವಿ ಅಂದ್ರೆ ಅಷ್ಟು ಬೇಜಾರಾಗಲ್ಲ."

ಔಷಧಿ ಅಂಗಡಿಯ ಹಾರಿಸ್ ಬಿಸಿರಕ್ತದ ಹುಡುಗ. "ಮಾಷ್, ಓಣಂ ಕಳೆದ ಮೇಲೆ ನಡೆಸ್ತೀವಾ? ಸುಮ್ನೆ ಯಾಕೆ ಸುಳ್ಳು? ಈಗಲೇ ಜನ ಇಲ್ಲ. ಅಡುಗೆಗೆ ಬರ್ತೀನಿ ಅಂದವರು ಮೆಕ್ಕಾಗೆ ಉಮ್ರಾ ಯಾತ್ರೆ ಹೋಗಿದ್ದಾರೆ. ಗಾಡಿ ಕೊಡ್ತೀನಿ ಅಂದವರ ಫೋನೇ ಆಫ್. ಆಗಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಡೋಣ."

"ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳೋಕಾಗುತ್ತೇನೋ?"

"ಓಣಂ ತನಕ ಅವರನ್ನ ಕಾಯಿಸೋದು ಇನ್ನೇನು ಮಾಷ್?"

ಲಿಸ್ಸಿ ಸಿಸ್ಟರ್ ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಉಮ್ಮನ ದನಿ ಕೇಳಿಸಿತು. "ಯಾರ್ರೀ ಮೇಲೆ? ಕೆಳಗೆ ನೋಡ್ರೀ!"

ಎಲ್ಲರೂ ಬಾಲ್ಕನಿಗೆ ಬಂದು ಬಗ್ಗಿದರು. ಚಹದಂಗಡಿಯ ಮುಂದೆ ರಂಲತ್ ಕುರ್ಚಿಯಲ್ಲಿ ಕೂತಿದ್ದಳು. ಮಸೀದಿ ರಸ್ತೆಯ ಏರನ್ನೆಲ್ಲ ನೂಕಿಕೊಂಡು ಬಂದ ಉಮ್ಮ ತಲೆಗೆ ಹೊದ್ದ ತಟ್ಟದ ತುದಿಯಿಂದ ಬೆವರು ಒರೆಸಿಕೊಳ್ಳುತ್ತಿದ್ದಳು. ಮೇಲಕ್ಕೆ ಹೋಗಲು ಇದ್ದದ್ದು ಒಂದೇ ದಾರಿ, ಗೋಡೆಗಂಟಿದ ಕಡಿದಾದ ಮೆಟ್ಟಿಲು.

ಇಷ್ಟು ವರ್ಷ ಈ ಸಮಿತಿಯವರು ಯಾರ್ಯಾರದೋ ಮನೆಗೆ, ಆಸ್ಪತ್ರೆಗೆ, ಬ್ಯಾಂಕಿಗೆ ಇಳಿಜಾರು ಕಟ್ಟಿಸಲು ಅರ್ಜಿ ಬರೆದದ್ದು ಈ ಮೆಟ್ಟಿಲು ಹತ್ತಿ ಹೋಗಿಯೇ. ಅದು ಒಬ್ಬರಿಗೂ ಹೊಳೆದಿರಲಿಲ್ಲ. ಈಗ ಮೇಲಿನಿಂದ ಬಗ್ಗಿ ನೋಡಿದ ಮೇಲೆ ಒಬ್ಬೊಬ್ಬರಾಗಿ ಮುಖ ಮುಖ ನೋಡಿಕೊಂಡರು.

"ಅಯ್ಯೋ, ಹೇಳಿ ಕಳಿಸಿದ್ರೆ ನಾನೇ ಕರ್ಕೊಂಡು ಬರ್ತಿರ್ಲಿಲ್ವಾ!" ಎನ್ನುತ್ತ ವೇಲಾಯುಧನ್ ದಡದಡ ಇಳಿದ. ಹಿಂದೆಯೇ ಹಾರಿಸ್. "ನೀನು ಕುರ್ಚಿ ಹಿಡಿ, ಇವಳನ್ನ ನಾನು ತರ್ತೀನಿ" ಎಂದು ವೇಲಾಯುಧನ್ ಬಗ್ಗಿದ. ಅವನ ಕೈಗಳು ತಮ್ಮ ಜಾಗ ಹುಡುಕಿಕೊಂಡು ತಾವೇ ಹೊರಟವು, ಒಂದು ಬೆನ್ನಿಗೆ, ಒಂದು ಮಂಡಿಗೆ.

ರಂಲತ್ ಕುರ್ಚಿಯ ಎರಡೂ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕೈ ತೆಗೀರಿ."

"ಮೋಳೇ..."

"ಕೈ ತೆಗೀರಿ ವೇಲಾಯುಧೇಟ್ಟಾ. ಇವತ್ತು ನನ್ನನ್ನ ಯಾರೂ ಹೊರೋದು ಬೇಡ. ಮೇಲಿರೋರು ಕೆಳಗೆ ಬರ್ಲಿ."

ಚಹದಂಗಡಿಯಲ್ಲಿ ಕೂತವರು ಲೋಟ ಕೆಳಗಿಟ್ಟರು. ವೇಲಾಯುಧನ್ ಬಗ್ಗಿದವನು ಹಾಗೇ ನಿಂತ. ಇಷ್ಟು ವರ್ಷದಲ್ಲಿ ಯಾರೂ ಅವನ ಕೈಗೆ ಬೇಡ ಅಂದಿರಲಿಲ್ಲ. ಅವನಿಗೆ ಅವಮಾನವಾಯಿತು, ಸಿಟ್ಟೂ ಬಂತು.

"ಎಷ್ಟು ಸಲ ಎತ್ತಿಲ್ಲ ನಿನ್ನನ್ನ? ಇವತ್ತೇನು ಹೊಸ ನಾಚಿಕೆ?"

"ನಾಚಿಕೆ ಅಲ್ಲ. ನನ್ನ ವಿಷಯ ಮಾತಾಡೋ ಜಾಗಕ್ಕೆ ನಾನು ಮೂಟೆ ಹಾಗೆ ಬರೋದಿಲ್ಲ."

ಮೇಲೆ ಸ್ವಲ್ಪ ಹೊತ್ತು ಗುಸುಗುಸು ನಡೆಯಿತು. ಆಮೇಲೆ ಮಾಷ್ ಇಳಿಯತೊಡಗಿದರು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ, ಹಲ್ಲು ಕಚ್ಚಿಕೊಂಡು. ಅವರು ಇಳಿಯುವುದನ್ನು ಅಲ್ಲಿಯವರೆಗೆ ಯಾರೂ ನಿಂತು ನೋಡಿರಲಿಲ್ಲ, ಯಾಕೆಂದರೆ ಮಾಷ್ ಯಾವಾಗಲೂ ಎಲ್ಲರಿಗಿಂತ ಮೊದಲು ಬಂದು ಎಲ್ಲರೂ ಹೋದ ಮೇಲೆ ಹೋಗುತ್ತಿದ್ದರು. ಕೆಳಗೆ ತಲುಪಿ ಏದುಸಿರು ಬಿಡುತ್ತ ಅವರು ರಂಲತ್ತಿನ ಪಕ್ಕದ ಬೆಂಚಿನಲ್ಲಿ ಕುಸಿದು ಕೂತರು.

"ಮಂಡಿ ಹೋಗಿ ಎರಡು ವರ್ಷ ಆಯ್ತು ಮೋಳೇ. ಈ ಮೆಟ್ಟಿಲು ಅಂದ್ರೆ ನನಗೂ ಭಯ. ಹೇಳಿರ್ಲಿಲ್ಲ ಅಷ್ಟೇ."

"ಹೇಳ್ಬೇಕಿತ್ತು ಮಾಷ್. ನಾನು ಬಂದು ನಿಮ್ಮನ್ನ ಎತ್ತಿಸ್ತಿದ್ದೆ" ಎಂದಳು ರಂಲತ್. ಚಹದಂಗಡಿಯೆಲ್ಲ ನಕ್ಕಿತು. ಮಾಷ್ ಕೂಡ ನಕ್ಕರು. ವೇಲಾಯುಧನ್ ನಗಲಿಲ್ಲ.

ಸಭೆ ಅಲ್ಲೇ ಬೀದಿಯಲ್ಲಿ, ಸುಲೈಮಾನಿ ಚಹಾ ಕುಡಿಯುತ್ತ ನಡೆಯಿತು. ಮಾಷ್ ಬಿಸಿಲಿನ ವಿಷಯ ಹೇಳಿದರು, ಹಾರಿಸ್ ಜನ ಸಾಲದ ವಿಷಯ ಹೇಳಿದ. ರಂಲತ್ ಪೂರ್ತಿ ಕೇಳಿಸಿಕೊಂಡಳು.

"ಬಿಸಿಲು ಸುಳ್ಳಲ್ಲ" ಎಂದಳು. "ಬೆನ್ನುಮೂಳೆ ಮುರಿದ ನಮ್ಮ ಮೈ ಸರಿಯಾಗಿ ಬೆವರೋದೇ ಇಲ್ಲ, ಬಿಸಿಲು ಏನು ಅಂತ ನಿಮಗಿಂತ ನಮಗೆ ಚೆನ್ನಾಗಿ ಗೊತ್ತು. ಆದ್ರೆ ಸಮ್ಮೇಳನ ಹನ್ನೊಂದು ಗಂಟೆಗೆ ಅಂತ ಇಟ್ಟಿದ್ದು ಯಾರ ಅನುಕೂಲಕ್ಕೆ ಮಾಷ್?"

ಮಾಷ್ ಕೆಮ್ಮಿದರು. "ಉದ್ಘಾಟಕರು ಅದಕ್ಕೆ ಮೊದ್ಲು ಬರೋದಿಲ್ಲ ಅಂದ್ರು."

"ನಾವು ಬರ್ತೀವಿ. ಮಸೀದಿಯಲ್ಲಿ ಬೆಳಗಿನ ಬಾಂಗ್ ಕೂಗೋ ಹೊತ್ತಿಗೆ ನಮಗೆಲ್ಲ ಎಚ್ಚರ ಇರುತ್ತೆ. ನಿದ್ದೆ ಎಲ್ಲಿ ಬರುತ್ತೆ? ಹೊಳೆ ಪಕ್ಕದ ಶಾಲೆಗೆ ರಜ. ಮೆಟ್ಟಿಲಿಲ್ಲ, ಮಾವಿನ ಮರದ ನೆರಳಿದೆ. ಬಿಸಿಲು ಏರೋ ಮೊದ್ಲು ಮುಗಿಸಿ ಮನೆಗೆ ಹೋಗಬಹುದು. ಬಿರಿಯಾನಿ ಬೇಡ, ಪೊಟ್ಟಣ ಬೇಡ. ಮನೆಯಿಂದ ಬರೋವಾಗ ಎಲ್ಲರೂ ಅಕ್ಕಿಹಿಟ್ಟಿನ ನಾಲ್ಕು ಪತ್ತಿರಿ ತಂದ್ರೆ ಸಾಕು."

"ಮುಂದಕ್ಕೆ ಹಾಕಿದ್ರೆ ಇಷ್ಟೆಲ್ಲ ಕಷ್ಟವೇ ಇಲ್ಲವಲ್ಲ" ಎಂದರು ಮಾಷ್, ಮೆತ್ತಗೆ.

"ಮಾಷ್, ಮುಂದಕ್ಕೆ ಹಾಕೋದು ನಿಮಗೆ ಒಂದು ತಾರೀಕು. ಇದು ಶುರುವಾದಾಗ ನಾನು ಮೊದಲು ಫೋನು ಮಾಡಿದ್ದು ಕೊಟ್ಟಪ್ಪುರತ್ತಿನ ದೇವಕಿಯಮ್ಮನಿಗೆ. ಅವರು ಹೇಳ್ಬೇಕು ಅಂದ್ಕೊಂಡ ಜಾಗ ಯಾವುದು ಗೊತ್ತಾ? ತನ್ನ ಮಗಳ ಮನೆ. ಈಗ ಅವರಿಲ್ಲ. ಮೊನ್ನೆ ಹೋಗ್ಬಿಟ್ರು. ಓಣಂಗೆ ನಮ್ಮಲ್ಲಿ ಯಾರ್ಯಾರು ಇರ್ತಾರೆ ಅಂತ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಆಗ ವೇಲಾಯುಧನ್‌ನ ತಾಳ್ಮೆ ತಪ್ಪಿತು.

"ಸಾಯೋದು ಹಾಗಿರ್ಲಿ, ನಾವೇ ಕರ್ಕೊಂಡು ಬಂದು ಸಾಯಿಸೋದಾ?" ಅವನು ಎರಡೂ ಕೈ ಮುಂದೆ ಚಾಚಿದ. "ಬೀರಾನಿಕ್ಕನನ್ನ ಎತ್ಕೊಂಡು ಬಂದಿದ್ದು ಈ ಕೈ. ನೀವೆಲ್ಲ ಮರೆತಿರಬಹುದು. ನಾನು ಊಟಕ್ಕೆ ಕೂತ್ರೂ ನೆನಪಾಗುತ್ತೆ. ನನ್ನಿಂದ ಆಗಲ್ಲ. ರದ್ದು ಮಾಡಿ. ಮುಂದಕ್ಕೂ ಬೇಡ, ಹಿಂದಕ್ಕೂ ಬೇಡ. ಎಲ್ಲರೂ ಅವರವರ ಮನೆಯಲ್ಲಿ ನೆಮ್ಮದಿಯಾಗಿರ್ಲಿ, ನಾನು ಅಲ್ಲಿಗೇ ಬಂದು ಬೇಕಾದ್ದು ಮಾಡ್ತೀನಿ."

ರಂಲತ್ ಅವನನ್ನೇ ನೋಡುತ್ತಿದ್ದಳು. ಏನೋ ಹೇಳಲು ಹೊರಟು ತಡೆದಳು. ಮತ್ತೆ ಹೊರಟಳು.

"ಇದನ್ನ ಹೇಳಬಾರದು ಅಂತಿದ್ದೆ. ಬೀರಾನಿಕ್ಕನ ಹೆಂಡತಿ ಬೀಯಾತುಮ್ಮ ನನಗೆ ಆಗಾಗ ಫೋನು ಮಾಡ್ತಾರೆ. ಅವತ್ತು ಬೆಳಿಗ್ಗೆಯೇ ಬೀರಾನಿಕ್ಕನಿಗೆ ಚಳಿ ಹಿಡಿದಿತ್ತಂತೆ. ಇವತ್ತು ನಾನು ಹೋಗಲ್ಲ ಅಂತ ಹೆಂಡತಿ ಹತ್ರ ಹೇಳಿದ್ರಂತೆ. ಅಷ್ಟರಲ್ಲಿ ನೀವು ಬಂದ್ರಿ. ಬಂದವರೇ ಎತ್ತಿದ್ರಿ. ಇಷ್ಟು ಪ್ರೀತಿಯಿಂದ ಬಂದಿದ್ದಾನೆ, ಹೇಗೆ ಬೇಡ ಅನ್ನಲಿ ಅಂತ ಅವರು ಸುಮ್ಮನೆ ಕೂತ್ಕೊಂಡು ಬಂದ್ರಂತೆ."

ವೇಲಾಯುಧನ್ ತನ್ನ ಅಂಗೈ ನೋಡಿಕೊಂಡ. ಉಮ್ಮ ಮಗಳ ಭುಜಕ್ಕೆ ಒಂದೇಟು ಕೊಟ್ಟು, "ನಿನ್ನ ನಾಲಿಗೆಗೆ ಹೊತ್ತುಗೊತ್ತು ಬೇಡ್ವಾ?" ಎಂದಳು. ರಂಲತ್ತಿನ ಕಣ್ಣಲ್ಲೂ ನೀರಿತ್ತು.

"ನಿಮ್ಮನ್ನ ದೂರೋಕೆ ಹೇಳ್ಲಿಲ್ಲ ಏಟ್ಟಾ. ನಿಮ್ಮ ಕೈ ಇಲ್ಲದಿದ್ರೆ ನಾನು ಇನ್ನೂ ಗೋಡೆ ನೋಡ್ತಾ ಮಲಗಿರ್ತಿದ್ದೆ. ಅವತ್ತು ಕೇಳದೆ ಕರ್ಕೊಂಡು ಬಂದ್ರಿ. ಇವತ್ತು ಕೇಳದೆ ಬೇಡ ಅಂತಿದ್ದೀರಿ. ಎರಡು ಸಲವೂ ನಮ್ಮ ಒಳ್ಳೇದಕ್ಕೇ. ಆದ್ರೆ ಎರಡು ಸಲವೂ ನಮ್ಮನ್ನ ಒಂದು ಮಾತು ಕೇಳಲಿಲ್ಲ."

ವೇಲಾಯುಧನ್ ಎದ್ದು ಆಟೊದ ಕಡೆ ನಡೆದ. ಹೋಗಿಯೇಬಿಟ್ಟ ಎಂದುಕೊಂಡರು ಎಲ್ಲರೂ. ಅವನು ಹೋಗಲಿಲ್ಲ. ಚಾಲಕನ ಸೀಟಿನಲ್ಲಿ ಬೆನ್ನು ತಿರುಗಿಸಿ ಕೂತ.

ಲಿಸ್ಸಿ ಸಿಸ್ಟರ್ ಅಷ್ಟು ಹೊತ್ತಿಗೆ ಬಾಯಿ ಬಿಟ್ಟರು. "ಕೇಳೋಣ ಮಾಷ್. ಮನೆಮನೆಗೆ ಹೇಗೂ ಹೋಗ್ತೀವಿ. ಬರ್ತೀರಾ ಅಂತ ಕೇಳೋಣ. ಜ್ವರ, ಗಾಯ ಇದ್ದವರಿಗೆ ನಾನು ಸತ್ಯ ಹೇಳ್ತೀನಿ. ಆಮೇಲೆ ಅವರಿಷ್ಟ."

"ಬರಲ್ಲ ಅಂದ್ರೆ?" ಎಂದ ಹಾರಿಸ್.

"ಬರಲ್ಲ ಅಂದ್ರೆ ಬರಲ್ಲ. ಪುಸಲಾಯಿಸೋ ಹಾಗಿಲ್ಲ" ಎಂದಳು ರಂಲತ್. "ಎಲ್ಲರೂ ಬರಲ್ಲ ಅಂದ್ರೆ ನಾನೇ ರದ್ದು ಅಂತ ಹೇಳ್ತೀನಿ. ಇಬ್ಬರು ಬರ್ತೀವಿ ಅಂದ್ರೆ ಆ ಇಬ್ಬರ ಜೊತೆ ನಾನು ಮೂರನೆಯವಳು. ಮಾವಿನ ಮರದ ಕೆಳಗೆ ಕೂತು ಮಾತಾಡ್ತೀವಿ."

ಮಾಷ್ ಮೇಜು ಕುಟ್ಟಲು ಕೈ ಎತ್ತಿದರು. ಮೇಜಿರಲಿಲ್ಲ. ತನ್ನ ನೋಯುವ ಮಂಡಿಯನ್ನೇ ಮೆಲ್ಲಗೆ ತಟ್ಟಿ, "ಹಾಗೇ ಆಗ್ಲಿ" ಎಂದರು.

ಮಾರನೆಯ ದಿನ ವೇಲಾಯುಧನ್ ಸ್ಟ್ಯಾಂಡಿಗೆ ಹೋಗಲಿಲ್ಲ. ಯಾರಿಗೂ ಹೇಳದೆ ಬೀಯಾತುಮ್ಮನ ಮನೆಗೆ ಹೋದ. ಆಕೆ ಅಂಗಳದಲ್ಲಿ ತೆಂಗಿನ ಗರಿ ಹೆಣೆಯುತ್ತಿದ್ದವರು ಅವನನ್ನು ಕಂಡು ಎದ್ದರು. ಅವನು ನಿಂತೇ ಇದ್ದ.

"ಅವತ್ತು ಬೀರಾನಿಕ್ಕ ಬರಲ್ಲ ಅಂದಿದ್ರಂತೆ, ನಿಜವಾ?"

"ಯಾರು ಹೇಳಿದ್ರು? ರಂಲತ್ತಾ?" ಬೀಯಾತುಮ್ಮ ಬಹಳ ಹೊತ್ತು ಗರಿಯನ್ನೇ ಬೆರಳಲ್ಲಿ ಸುತ್ತಿದರು. "ನಿಜ. ಆದ್ರೆ ಆ ಜ್ವರ ಮನೆಯಲ್ಲಿದ್ರೂ ಏರ್ತಿತ್ತು ಮೋನೇ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ."

"ಅವರು ಬಾಯಿ ಬಿಟ್ಟು ಬೇಡ ಅಂದಿದ್ರೆ ನಾನು ಬಿಡ್ತಿದ್ನಾ?"

ಆಕೆ ಅವನ ಮುಖ ನೋಡಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಬಿಡ್ತಿರ್ಲಿಲ್ಲ. 'ಏನಾಗಲ್ಲ ಬನ್ನಿ ಇಕ್ಕಾ' ಅಂತ ಎತ್ತಿಬಿಡ್ತಿದ್ದೆ. ಕೂತ್ಕೋ, ಚಹಾ ಮಾಡ್ತೀನಿ."

ಅವನು ಚಹಾ ಕುಡಿದ. ಲೋಟ ತೊಳೆದಿಟ್ಟ. ಅಲ್ಲಿಂದ ಹೊರಟವನು ನೇರ ಲಿಸ್ಸಿ ಸಿಸ್ಟರ ಬಳಿ ಹೋಗಿ, "ನನ್ನ ಪಾಲಿಗೆ ಯಾವ ಮನೆಗಳು?" ಎಂದು ಕೇಳಿದ.

ಮೊದಲ ಮನೆಯಲ್ಲೇ ಅವನಿಗೆ ಪೆಟ್ಟು ಬಿತ್ತು. ಸಜಿತ ಎಂಬ ಎಳೆಯ ಹೆಂಗಸು, ಪ್ರತಿ ವರ್ಷ ಸಂಗಮದಲ್ಲಿ ಮುಂದಿನ ಸಾಲಿನಲ್ಲೇ ಇರುತ್ತಿದ್ದವಳು. "ನಾನು ಬರಲ್ಲ" ಎಂದಳು. "ನಂಗೆ ಆ ಗದ್ದಲವೇ ಇಷ್ಟ ಇಲ್ಲ. ಪ್ರತಿ ವರ್ಷ ನೀವು ಬಂದು ಎತ್ತಿ ಕೂರಿಸ್ತಿದ್ರಿ, ಬರ್ತಿದ್ದೆ. ಎಲ್ಲರ ಮುಂದೆ ಚೀಲ ತೂಗಿಸ್ಕೊಂಡು ಕೂರೋಕೆ ನನ್ನಿಂದಾಗಲ್ಲ." ವೇಲಾಯುಧನ್‌ನ ನಾಲಿಗೆಯ ತುದಿಗೆ 'ಏನಾಗಲ್ಲ, ಬಾ ಮೋಳೇ' ಬಂದು ನಿಂತಿತ್ತು. ನುಂಗಿಕೊಂಡ. "ಸರಿ" ಎಂದು ಹೇಳುವುದು ಮರಳಿನ ಬುಟ್ಟಿ ಹೊರುವುದಕ್ಕಿಂತ ಕಷ್ಟವಾಯಿತು. ಹೊಸ್ತಿಲು ದಾಟುವಾಗ ಸಜಿತ ಹಿಂದಿನಿಂದ ಕರೆದು, "ಏಟ್ಟಾ, ನನ್ನ ಜಾಗದ ಹೆಸರು ಮಾತ್ರ ಹೇಳಿಬಿಡಿ. ಪೋಸ್ಟಾಫೀಸು" ಎಂದಳು.

ಎರಡನೆಯದು ಕುಂಞಾಪ್ಪುವಿನ ಮನೆ. ಮರದ ಮಿಲ್ಲಿನಲ್ಲಿ ದಿಮ್ಮಿ ಉರುಳಿ ಸೊಂಟ ಜಜ್ಜಿಹೋದ ಮುದುಕ. ಊರಿಗೆಲ್ಲ ಬೈಯುವುದೇ ಅವರ ಹೊತ್ತುಗಳೆಯುವ ಕೆಲಸ. ವೇಲಾಯುಧನ್ ಮಂಚದ ಪಕ್ಕ ಸ್ಟೂಲು ಎಳೆದು ಕೂತ. ಕೂತದ್ದೇ ಹೊಸದು, ಯಾವಾಗಲೂ ನಿಂತೇ ಕೆಲಸ ಮುಗಿಸಿ ಹೋಗುವವನು.

"ಕುಂಞಾಪ್ಪುಕ್ಕಾ, ಭಾನುವಾರ ಸಮ್ಮೇಳನ. ಬಿಸಿಲು ಜಾಸ್ತಿ ಇದೆ, ಅದಕ್ಕೇ ಬೆಳಿಗ್ಗೆ ಬೇಗ ಶುರು ಮಾಡಿ ಬೇಗ ಮುಗಿಸ್ತೀವಿ. ಬಿರಿಯಾನಿ ಇಲ್ಲ, ಹಾಡೂ ಇಲ್ಲ. ನೀವು ಬರ್ತೀರಾ?"

ಮುದುಕ ಹುಬ್ಬು ಗಂಟಿಕ್ಕಿ ಅವನನ್ನು ನೋಡಿದರು.

"ಏನಂದೆ?"

"ಬರ್ತೀರಾ ಅಂತ ಕೇಳ್ದೆ."

"ಇನ್ನೊಂದ್ಸಲ ಕೇಳು."

"ಕಿವಿ ಕೇಳಿಸ್ತಿಲ್ವಾ?"

"ಕಿವಿ ಸರಿಯಾಗೇ ಇದೆ. ಹಾಸಿಗೆಗೆ ಬಿದ್ದಲ್ಲಿಂದ ಇವತ್ತಿನವರೆಗೆ ಬರ್ತೀಯಾ, ಹೋಗ್ತೀಯಾ, ತಿಂತೀಯಾ ಅಂತ ಯಾವ ನಾಯಿಮಗನೂ ನನ್ನ ಕೇಳಿಲ್ಲ. ತರ್ತಾರೆ, ತಿನ್ನಿಸ್ತಾರೆ, ತಿರುಗಿಸಿ ಮಲಗಿಸ್ತಾರೆ. ಇನ್ನೊಂದ್ಸಲ ಕೇಳು, ಚೆನ್ನಾಗಿ ಕೇಳು."

ವೇಲಾಯುಧನ್ ಉಟ್ಟ ಮುಂಡು ಸರಿಪಡಿಸಿಕೊಂಡು, ಮದುವೆಗೆ ಕರೆಯುವವನ ಹಾಗೆ ನೆಟ್ಟಗೆ ಕೂತು ಕೇಳಿದ. "ಕುಂಞಾಪ್ಪುಕ್ಕಾ, ನಮ್ಮ ಸಮ್ಮೇಳನಕ್ಕೆ ನೀವು ಬರ್ತೀರಾ?"

ಮುದುಕ ಸೂರು ನೋಡುತ್ತ ಬಹಳ ಹೊತ್ತು ಯೋಚಿಸಿದರು, ಅಥವಾ ಯೋಚಿಸುವ ಸುಖ ಅನುಭವಿಸಿದರು.

"ನಾಳೆ ಬಾ. ಹೇಳ್ತೀನಿ" ಎಂದರು.

ಅವನು ನಾಳೆಯೂ ಹೋದ. ನಾಡಿದ್ದೂ ಹೋದ. ಶನಿವಾರ ಸಂಜೆಯಷ್ಟೇ ಕುಂಞಾಪ್ಪು, "ಬರ್ತೀನಿ ಅಂತ ಇಟ್ಕೋ" ಎಂದರು.

ಬರುವುದಿಲ್ಲ ಎಂದವರು ಅರ್ಧಕ್ಕಿಂತ ಹೆಚ್ಚು. ಅದನ್ನು ಕೇಳಿ ಹಾರಿಸ್, "ನಾನು ಹೇಳಿರ್ಲಿಲ್ವಾ?" ಎಂದ. ರಂಲತ್ತಿನ ಮುಖವೂ ಒಂದು ಗಳಿಗೆ ಸಣ್ಣದಾಯಿತು; ಇಷ್ಟು ಜನ ಬೇಡ ಅನ್ನುತ್ತಾರೆ ಎಂದು ಅವಳೂ ಎಣಿಸಿರಲಿಲ್ಲ. ಆದರೆ ಬರಲಾಗದವರೆಲ್ಲ ಸಜಿತಳ ಹಾಗೆ ತಮ್ಮ ತಮ್ಮ ಜಾಗದ ಹೆಸರು ಹೇಳಿ ಕಳಿಸಿದ್ದರು. ಬ್ಯಾಂಕು, ಮಸೀದಿಯಲ್ಲಿ ಕೈಕಾಲು ತೊಳೆಯುವ ಹೌಜಿನ ಕಟ್ಟೆ, ಭಗವತಿ ಕಾವಿನ ಗುಡಿ, ಅಕ್ಕನ ಮನೆಯ ಜಗಲಿ, ಮತ ಹಾಕುವ ಕೋಣೆ. ಯಾರೋ ಒಬ್ಬರು ವಾಚನಾಲಯದ ಮಹಡಿ ಎಂದೂ ಹೇಳಿದ್ದರು. ಮಾಷ್ ಶನಿವಾರವೇ ಮೇಲಿನ ಬಾಗಿಲಿನ ಸಮಿತಿಯ ಫಲಕವನ್ನು ಬಿಚ್ಚಿಸಿ ಚಹದಂಗಡಿಯ ಪಕ್ಕದ ಖಾಲಿ ಕೋಣೆಗೆ ತರಿಸಿದರು.

"ನಡೆಸ್ತೀವಿ" ಎಂದಳು ರಂಲತ್, ಹಾರಿಸ್‌ನ ಮುಖ ನೋಡಿ. "ಬರೋರು ತಾವೇ ಬರ್ತೀವಿ ಅಂದವರು. ಇಂಥದ್ದು ಈ ಊರಲ್ಲಿ ಒಂದ್ಸಲವೂ ನಡೆದಿಲ್ಲ." ಹಾರಿಸ್ ಶಾಲೆಯ ಅಂಗಳಕ್ಕೆ ನೀರಿನ ಡ್ರಮ್ಮು ಸಾಗಿಸಲು ಹೋದ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ವೇಲಾಯುಧನ್ ಆಟೊವನ್ನು ಕುಂಞಾಪ್ಪುವಿನ ಅಂಗಳಕ್ಕೆ ತಂದ. ಗಾಳಿ ಇನ್ನೂ ತಂಪಾಗಿತ್ತು. ಮುದುಕ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮಂಚದ ಮೇಲೆ ಒರಗಿದ್ದರು. ಮಗಳು ಅತ್ತರು ಹಚ್ಚಿದ್ದಳು. ಲಿಸ್ಸಿ ಸಿಸ್ಟರ್ ಆಗಲೇ ಬಂದು ಮೈ ಮುಟ್ಟಿ ನೋಡಿ, ಜ್ವರವಿಲ್ಲ ಎಂದು ಹೇಳಿ ಮುಂದಿನ ಮನೆಗೆ ಹೋಗಿದ್ದರು.

ವೇಲಾಯುಧನ್ ಬಗ್ಗಿದ. ಕೈಗಳು ಎಂದಿನಂತೆ ಹೊರಟವು, ಒಂದು ಬೆನ್ನಿಗೆ, ಒಂದು ಮಂಡಿಗೆ. ಮುಟ್ಟುವಷ್ಟರಲ್ಲಿ ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಕುಂಞಾಪ್ಪುಕ್ಕಾ, ಎತ್ತಲಾ?"

ಮುದುಕ ಅವನ ಮುಖವನ್ನೇ ನೋಡಿದರು. ಆಮೇಲೆ ತಲೆ ಪಕ್ಕಕ್ಕೆ ತಿರುಗಿಸಿ ಮಗಳಿಗೆ ಹೇಳಿದರು: "ನನ್ನ ಟೊಪ್ಪಿ ಎಲ್ಲಿ? ಕೊಡು." ಟೊಪ್ಪಿ ಬಂತು. ಅವರು ಅದನ್ನು ತಲೆಗಿಟ್ಟು ಸರಿಮಾಡಿದರು. ಅಂಗಿಯ ಮೇಲಿನ ಗುಂಡಿ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ಕಿಟಕಿಯಾಚೆ ನೋಡಿದರು. ವೇಲಾಯುಧನ್ ಕೈಗಳನ್ನು ಗಾಳಿಯಲ್ಲಿ ಹಿಡಿದು ಬಗ್ಗಿಯೇ ನಿಂತಿದ್ದ. ಸೊಂಟ ನೋಯತೊಡಗಿತ್ತು. ಅವನು ಅಲ್ಲಾಡಲಿಲ್ಲ.

ಕೊನೆಗೆ ಕುಂಞಾಪ್ಪು ತಮ್ಮ ಎರಡೂ ತೋಳನ್ನು ಅವನ ಕೊರಳಿಗೆ ಹಾಕಿದರು.

"ಹ್ಞೂಂ" ಎಂದರು. "ಈಗ ಎತ್ತು."